ಬಾಡಿಗೆಗೆ ಬಂದ ಶಿರಸ್ತ್ರಾಣ

ನಾನು ನಿಂತಿದ್ದು ದೇವದುರ್ಗದಿಂದ ಮಾನ್ವಿ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ, ಊರ ಹೆಬ್ಬಾಗಿಲಿನ ಅಗಸಿ ಕಟ್ಟೆಯ ಹತ್ತಿರ, ಹಿಟ್ಟಿನ ಗಿರಣಿಯ ಎದುರು, ಕುದುರೆಯ ಎಡಕ್ಕೆ ಎರಡು ಮಾರು ದೂರದಲ್ಲಿ. ಹೋದ ವರ್ಷ ಬುದ್ಧ ಪೂರ್ಣಿಮೆಯ ಮರುದಿನ. ಹೊತ್ತು ಇಳಿದಿತ್ತು, ಬಿಸಿಲು ಇಳಿದಿರಲಿಲ್ಲ.

ಕುದುರೆಯ ಮೇಲಿದ್ದ ಮದುಮಗ ನನ್ನ ಸಹೋದ್ಯೋಗಿ. ರಾಯಚೂರಿನ ಕಾಲೇಜೊಂದರಲ್ಲಿ ಅವನು ಗಣಿತ, ನಾನು ಇತಿಹಾಸ ಹೇಳುತ್ತೇವೆ. ಅವನ ಕೇರಿಯವರು ಯಾರೂ ಅದುವರೆಗೆ ಆ ಕಟ್ಟೆಯ ಮುಂದೆ ಕುದುರೆ ಏರಿ ಹೋಗಿರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲೂ ಇಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

ತೊಂದರೆ ಬಂದದ್ದು ತಲೆಗೆ ಏನಿಡುವುದೆಂದು. ಅವರದು ಬೌದ್ಧ ಮನೆ, ಬಾಸಿಂಗ ಕಟ್ಟುವುದಿಲ್ಲ. ಜರಿ ರುಮಾಲು ಸುತ್ತಿದರೆ ಅದು ಗೌಡರ ತಲೆಯದೆಂದು ಊರಿಗೆ ಸಿಟ್ಟು. ಬರಿದಲೆಯ ಮದುಮಗನನ್ನು ಸೋದರತ್ತೆಯರು ಒಪ್ಪಲಿಲ್ಲ. ಕೊನೆಗೆ ರಾಯಚೂರಿನ ಬ್ಯಾಂಡಿನವರ ಅಂಗಡಿಯಿಂದ, ಊರಿನ ಯಾವ ಜಾತಿಗೂ ಸೇರದ ವಸ್ತುವೊಂದು ಬಾಡಿಗೆಗೆ ಬಂತು: ಹಳೆಯ ಅಶ್ವದಳದ ಮಾದರಿಯ ಹಿತ್ತಾಳೆ ಶಿರಸ್ತ್ರಾಣ.

ನನಗೆ ಸಂಭ್ರಮ. ನೆತ್ತಿಯ ಮೇಲಿನ ಎತ್ತರದ ದಿಂಡು ಕತ್ತಿಯನ್ನು ಪಕ್ಕಕ್ಕೆ ಜಾರಿಸಲು, ಹಿಂದೆ ಇಳಿಬಿದ್ದ ಕುದುರೆಯ ಕೂದಲು ಕುತ್ತಿಗೆಯ ಏಟು ತಡೆಯಲು, ಮೀನಿನ ಹುರುಪೆಯಂಥ ಸರಪಳಿ ಕೆನ್ನೆ ಕಾಯಲು ಎಂದು ಎಲ್ಲರಿಗೂ ವಿವರಿಸಿದೆ. ಬಂದೂಕು ಬಂದ ಮೇಲೆ ಇವು ಕೆಲಸಕ್ಕೆ ಬಾರದಾದವು. ಆದ್ದರಿಂದಲೇ ಹೊಳಪು ಹೆಚ್ಚಿತು, ಕೂದಲು ಉದ್ದವಾಯಿತು, ಅರಸರ ಮೆರವಣಿಗೆಗೆ ಒದಗಿದವು. ಯುದ್ಧ ಮುಗಿದ ತಲೆಗೆ ಇದು ಅಲಂಕಾರ ಎಂದೆ.

ಫೋಟೊದವನು ಸರಪಳಿಯನ್ನು ಎತ್ತಿ ಮೇಲಿನ ಕೊಕ್ಕೆಗೆ ಸಿಗಿಸಿದ. "ಮಾರಿ ಕಾಣಂಗಿಲ್ರಿ ಸರ."

ಮದುಮಗನ ತಾಯಿ ಅದನ್ನು ಬಿಚ್ಚಿ ಗದ್ದದ ಕೆಳಗೆ ಬಿಗಿದರು.

"ಯವ್ವಾ, ಉಸರ ಕಟ್ಟಾಕತ್ತದ."

"ಕಟ್ಟಲಿ. ಅಗಸಿ ಕಟ್ಟಿ ಮುಂದ ಕುದ್ರಿ ಇಳೀತೀ ಏನು?"

"ಇಳ್ಯಂಗಿಲ್ಲ."

"ಹಂಗಾರ ಬಾಯಿ ಮುಚ್ಗೊಂಡು ಕುಂದ್ರು."

ಕಟ್ಟೆಯ ಮುಂದೆ ಬ್ಯಾಂಡು ನಿಧಾನವಾಯಿತು. ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: "ಏನ್ ಮಾಸ್ತರ, ಯಾವ ರಾಜ್ಯಾ ಗೆಲ್ಲಾಕ ಹೊಂಟೀರಿ?"

"ಹೆಣ್ಣಿನ ಮನಿಗೆ ಹೊಂಟೀನ್ರಿ ಯಪ್ಪಾ. ಅದೊಂದು ಗೆದ್ರ ಸಾಕು."

ಕಟ್ಟೆಯವರು ನಕ್ಕರು. ನಾನೂ ನಕ್ಕೆ. ಆಗ ಗಿರಣಿಯ ಮಾಳಿಗೆಯಿಂದ ಕಲ್ಲು ಬಂತು. ಟಣ್ ಎಂದಾಗ ತಾಳದವನು ತಪ್ಪಿ ಬಡಿದನೆಂದುಕೊಂಡೆ. ಕಲ್ಲು ದಿಂಡಿಗೆ ಬಡಿದು ಪಕ್ಕಕ್ಕೆ ಜಾರಿ ನನ್ನ ಕಾಲ ಬಳಿ ಬಿತ್ತು. ಒಂದು ಮುಷ್ಟಿಗಿಂತ ದೊಡ್ಡದು. ಮದುಮಗ ಮುಂದಕ್ಕೆ ಬಾಗಿ ಕುದುರೆಯ ಜೂಲು ಹಿಡಿದ. ಇಳಿಯಲಿಲ್ಲ. ತಾಯಿ ಲಗಾಮು ಹಿಡಿದು, ಕಟ್ಟೆ ದಾಟುವವರೆಗೆ ಮುಂದೆ ನಡೆದರು.

ಕಲ್ಲೇ ಬಿದ್ದಿಲ್ಲ, ಕಟ್ಟೆಯ ಬೇವಿನ ಟೊಂಗೆ ಮುರಿದದ್ದು ಎಂದು ಊರು ಹೇಳಿತು. ಆಮೇಲೆ ಅದೇ ಬಾಯಿ, "ತಪ್ಪೆಲ್ಲ ಆ ಟೊಪ್ಪಿಗೀದು. ಜಗಳಕ್ಕ ಬಂದವರ ಹಂಗ ಹಾಕ್ಕೊಂಡ್ರ ಯಾರಾದ್ರೂ ಕಲ್ಲ ಒಗೀತಾರ" ಎಂದಿತು. ರಾಯಚೂರಿನ ಅಂಗಡಿಯವನು ಶಿರಸ್ತ್ರಾಣದ ತಗ್ಗಿನೊಳಗೆ ಹೆಬ್ಬೆರಳಿಟ್ಟು ಬೇಸರಪಟ್ಟ: "ಇದು ಶೋಕಿ ಮಾಲ್ ರೀ. ಹೊಡ್ತಕ್ಕ ಮಾಡಿದ್ದಲ್ಲ."

ಕಲ್ಲು ಬಂದದ್ದನ್ನು ಹೇಳಿದಾಗೆಲ್ಲ, ಬೇರೆ ಯಾರು ನೋಡಿದ್ದಾರೆ ಎಂದು ನನ್ನನ್ನು ಕೇಳುತ್ತಾರೆ. ಕಟ್ಟೆಯ ಹಿರಿಯರು ನೋಡಿದ್ದಾರೆ; ನಾನು ಹೋದರೆ ಈಗ ಬೇವಿನ ಮರ ನೋಡುತ್ತಾರೆ. ಫೋಟೊದವನು ನೋಡಿದ್ದಾನೆ, ಅವನ ಚಿತ್ರಗಳಲ್ಲಿ ಅಲ್ಲಿಂದ ಮುಂದೆ ಬರೀ ಕುದುರೆಯ ಕಾಲುಗಳಿವೆ. ಬ್ಯಾಂಡಿನವರೆಲ್ಲ ನೋಡಿದ್ದಾರೆ. ತಾಯಿ ನೋಡಿದ್ದಾರೆ. ಎಲ್ಲರೂ ಬದುಕಿದ್ದಾರೆ. ಮದುಮಗನೂ ಬದುಕಿದ್ದಾನೆ.