ಮಾರಕ್ಕನ ಚೀಟಿ

ಮಾರಕ್ಕ, ‘ಕಾರಣವಿಲ್ಲದೆ’ ಎಂಬ ಮಾತನ್ನು ನಿನ್ನ ಆ ಆಸ್ಪತ್ರೆ ಚೀಟಿಯಲ್ಲಿ ಬರೆದವಳು ನಾನು. ಡಾಕ್ಟರು ಸೇರಿಸಿದ್ದಲ್ಲ, ನಿನ್ನ ಗಂಡ ರಂಗಪ್ಪ ಹೇಳಿ ಬರೆಸಿದ್ದೂ ಅಲ್ಲ. ಅವನು ಹೇಳಿದ್ದು ಇಷ್ಟೇ: “ನಾನು ಕೊಲ್ತೀನಿ ಅಂತ ಹೆದರ್ತಾಳೆ.” ಅದನ್ನು ನಾನು ಕಾಗದದ ಭಾಷೆಗೆ ತಂದೆ — ‘ಗಂಡ ತನ್ನನ್ನು ಕೊಲ್ಲುವನೆಂದು ಕಾರಣವಿಲ್ಲದೆ ಭಯಪಡುತ್ತಾಳೆ.’ ಅದರಲ್ಲಿ ಒಂದೇ ಒಂದು ಪದ ನನ್ನದು. ಕಾರಣ ನನಗೆ ಗೊತ್ತಿತ್ತು. ಆ ಕಾರಣಕ್ಕೆ ನಾನೇ ನನ್ನ ಕೈಯಾರೆ ಟಿಂಚರ್ ಹಚ್ಚಿದ್ದೆ.

ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಎಪ್ಪತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಹಿರಿಯೂರು ತಾಲ್ಲೂಕಿನಲ್ಲಿ, ಹರಿಯಬ್ಬೆಯ ಕಡೆಗೆ ಹೋಗುವ ರಸ್ತೆಯ ಒಂದು ಹಟ್ಟಿಯಲ್ಲಿ ಸರ್ಕಾರದ ನರ್ಸಾಗಿದ್ದೆ. ಹೊಳಲ್ಕೆರೆಯಿಂದ ಹೋದವಳು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಮದುವೆಯಾಗಿರಲಿಲ್ಲ. ಒಂದು ಕೋಣೆ, ಒಂದು ಬೆಂಚು, ಒಂದು ಬೀರು, ಅಷ್ಟೇ ನನ್ನ ಕೇಂದ್ರ. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು, ಬಾರದೆಯೂ ಇರುತ್ತಿದ್ದರು. ಮಾರಕ್ಕ ಅದೇ ಹಟ್ಟಿಯವಳು, ಕುರಿ ಸಾಕುವವರ ಮನೆಯ ಸೊಸೆ. ಗಂಡ ಪಂಚಾಯ್ತಿ ಮೆಂಬರು, ನಾಲ್ಕು ಜನ ಮಾತು ಕೇಳುವ ಮನುಷ್ಯ.

ನೀನು ಮೊದಲು ಬಂದದ್ದು ತಲೆನೋವೆಂದು. ಅಲ್ಲ, ಮೊದಲು ಬಂದದ್ದು ಮಗುವಿನ ಕೆಮ್ಮಿಗೆ, ತಲೆನೋವು ಎರಡನೆಯ ಸಲ. ನೋಡು, ನೆನಪು ಹೀಗೆ ಚೊಕ್ಕ ಮಾಡಿಕೊಡುತ್ತದೆ. ಅದನ್ನು ನಂಬಬಾರದೆಂದು ನಿನ್ನಿಂದಲೇ ಕಲಿತಿದ್ದೇನೆ — ಅದು ಕೊನೆಗೆ ಬರುವ ಮಾತು. ಬೆಂಚಿನ ತುದಿಯಲ್ಲಿ, ರಸ್ತೆ ಕಾಣುವ ಕಡೆಯಲ್ಲೇ ನೀನು ಕೂರುತ್ತಿದ್ದೆ. ಒಂದು ದಿನ ನನ್ನ ಕೈಯಿಂದ ಟ್ರೇ ಜಾರಿ ಬಿತ್ತು. ನೀನು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಆಮೇಲೆ ನಕ್ಕೆ. ಮಗುವಿಗೆ ಎಷ್ಟು ವರ್ಷ ಎಂದು ಕೇಳಿದರೆ ಮಗುವಿನ ಮುಖವನ್ನೇ ಬಹಳ ಹೊತ್ತು ನೋಡಿದೆ, ಉತ್ತರ ಅಲ್ಲಿ ಬರೆದಿರಬಹುದು ಎಂಬಂತೆ.

“ನಿದ್ದೆ ಬರಲ್ವಾ?” ಎಂದಿದ್ದೆ.

“ಕಣ್ಣು ಮುಚ್ಚಿದ್ರೆ ಅವನ ಚಪ್ಲಿ ಸದ್ದು ಕೇಳ್ತೈತ್ರಿ ನರ್ಸಮ್ಮ. ಅವನು ಸಂತೆಗೆ ಹೋಗಿದ್ರೂ ಕೇಳ್ತೈತೆ. ಕುರಿ ಕಾಯಾಕೆ ಹೋದ್ರೆ ಅಡವ್ಯಾಗೂ ಕೇಳ್ತೈತೆ. ಚಪ್ಲಿ ಮನೇಲೇ ಬಿಟ್ಟು ಹೋದ್ರೂ ಬಿಡಲ್ಲ ಅದು.”

ರವಿಕೆಯ ತೋಳು ಮೇಲೆತ್ತಿದಾಗ ನಾನು ನೋಡಿದೆ. ಬೆನ್ನನ್ನೂ ನೋಡಿದೆ. ನೋಡಿ ಏನು ಹೇಳಿದೆ ಗೊತ್ತಲ್ಲ. ಸ್ವಲ್ಪ ಹೊಂದಿಕೊಂಡು ಹೋಗಬೇಕಮ್ಮ, ಎಂದೆ. ತರಬೇತಿಯಲ್ಲಿ ಕಲಿಸಿದ ಮೆತ್ತಗಿನ ದನಿಯಲ್ಲಿ.

“ನಿಮ್ಗೆ ಮದ್ವೆ ಆಗೈತಾ ನರ್ಸಮ್ಮ?”

“ಇಲ್ಲ.”

“ಹಂಗಾರೆ ಸುಮ್ಕಿರ್ರಿ. ಈಜು ಬರದೋರು ದಡದ ಮ್ಯಾಲೆ ನಿಂತು ಕೈ ಹಿಂಗಾಡ್ಸು ಕಾಲು ಹಂಗಾಡ್ಸು ಅಂದಂಗಾತು.” ಇಬ್ಬರೂ ನಕ್ಕೆವು. ನಗುತ್ತಲೇ ನೀನು ನನ್ನ ಮೇಜಿನ ಪುಸ್ತಕಕ್ಕೆ ಬೆರಳು ತೋರಿಸಿದೆ. “ಕೆಮ್ಮು ಬರ್ಕಂತೀರಿ, ಭೇದಿ ಬರ್ಕಂತೀರಿ. ಇದನ್ನೂ ಬರ್ಕಳ್ರಿ. ಬರ್ದಿದ್ದು ಇದ್ರೆ ನಾಳೆ ಯಾರಾರ ಓದ್ತಾರೆ.”

ನಾನು ಬರೆದದ್ದು: ತಲೆನೋವು, ನಿದ್ರಾಹೀನತೆ, ಮಾತ್ರೆ ಕೊಟ್ಟಿದೆ.

ನೀನು ನಾಲ್ಕು ಸಲ ಬಂದೆ. ಮೂರನೆಯದರ ನಂತರ ನಾನು ಯಾರಿಗೂ ಹೇಳಲೇ ಇಲ್ಲವೆಂದಲ್ಲ. ಜೀಪಿನಲ್ಲಿ ಬಂದಿದ್ದ ಪೊಲೀಸಿನವನಿಗೆ ಹೇಳಿದೆ. ಅವನು ಬೀಡಿಯ ಬೂದಿ ಕೊಡವುತ್ತ, “ಗಂಡ ಹೆಂಡ್ತಿ ನಡುವೆ ನಾವು ಹೋದ್ರೆ ನಾಳೆ ಇಬ್ರೂ ಸೇರ್ಕಂಡು ನಮ್ಮನ್ನೇ ಬೈತಾರೆ ಕಣಮ್ಮ. ಡಾಕ್ಟ್ರ ಕಾಗ್ದ ತಗಂಬರ್ರಿ, ನೋಡಾಣ” ಎಂದ. ಡಾಕ್ಟರು, ಇದು ಪೊಲೀಸ್ ಕೇಸು, ಮೊದಲು ಅಲ್ಲಿಂದ ಬರಲಿ ಎಂದರು. ಬ್ಲಾಕ್ ಆಫೀಸಿನಲ್ಲಿ ಹೆಂಗಸರ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದಾಕೆ, ಊರ ಹಿರಿಯರು ಒಮ್ಮೆ ಕೂತು ಮಾತಾಡಿಸಲಿ ಎಂದಳು. ಊರ ಹಿರಿಯನೆಂದರೆ ರಂಗಪ್ಪನ ದೊಡ್ಡಪ್ಪ. ಹೀಗೆ ಒಂದೊಂದು ಬಾಗಿಲೂ ಇನ್ನೊಂದು ಬಾಗಿಲನ್ನು ತೋರಿಸಿತು — ಎಂದು ನಾನು ಇಷ್ಟು ವರ್ಷ ನನಗೆ ಹೇಳಿಕೊಂಡಿದ್ದೇನೆ. ನಿಜವಾಗಿ ಮೂವರನ್ನೂ ಕೇಳಿದೆನೇ? ಪೊಲೀಸಿನವನ ಬೀಡಿ ಕಣ್ಣಿಗೆ ಕಟ್ಟಿದೆ. ಮಿಕ್ಕಿಬ್ಬರ ಮಾತು, ನಾನೂ ಓಡಾಡಿದೆ ಎಂದು ಕಾಣಲೆಂದು ಆಮೇಲೆ ಸೇರಿಸಿಕೊಂಡದ್ದೋ ಏನೋ. ಆಣೆ ಇಟ್ಟು ಹೇಳಲಾರೆ.

ಆ ವರ್ಷ ಬಂತು. ಸಂತಾನಹರಣ ಚಿಕಿತ್ಸೆಗೆ ಪ್ರತಿ ನರ್ಸೂ ಇಷ್ಟು ಜನರನ್ನು ಕರೆತರಬೇಕು, ತರದಿದ್ದರೆ ಕೆಲಸ ಹೋಯಿತು ಎಂದು ಮೇಲಿನವರು ಸಾಲಾಗಿ ನಿಲ್ಲಿಸಿ ಹೇಳಿದ ವರ್ಷ. ನನಗೆ ಇನ್ನೂ ಒಂಬತ್ತು ಜನ ಬೇಕಿತ್ತು, ಮಾರಕ್ಕ. ಆಗ ನೋಡಬೇಕಿತ್ತು ನೀನು ಇಲಾಖೆಗಳ ಒಗ್ಗಟ್ಟನ್ನು! ಬ್ಲಾಕಿನ ಜೀಪು, ಠಾಣೆಯ ಪೇದೆ, ಶಾಲೆಯ ಕೋಣೆ, ಪಂಚಾಯ್ತಿಯ ತಮಟೆ, ನಮ್ಮ ಕತ್ತರಿ — ಎಲ್ಲ ಒಂದೇ ಬೆಳಿಗ್ಗೆ ಒಂದೇ ಜಾಗಕ್ಕೆ ಬಂದು ಸೇರುತ್ತಿದ್ದವು. ಯಾರೂ ಯಾರ ಕಾಗದಕ್ಕೂ ಕಾಯುತ್ತಿರಲಿಲ್ಲ. ಒಂದು ಹೆಂಗಸಿನ ಬೆನ್ನಿಗೆ ಒಟ್ಟಾಗದವರು —

ರಂಗಪ್ಪ ಕೇಂದ್ರದ ಬಾಗಿಲಲ್ಲಿ ನಿಂತು ಹೇಳಿದ: “ಹನ್ನೊಂದು ಜನ ಹತ್ತಿಸ್ತೀನಿ ನರ್ಸಮ್ಮ, ತಲೆ ಕೆಡಿಸ್ಕಬ್ಯಾಡ್ರಿ. ನಮ್ಮನೇದೊಂದು ಸಣ್ಣ ಕಾಗ್ದ ಆಗ್ಬೇಕು. ಅವಳಿಗೆ ತಲೆ ಸರಿ ಇಲ್ಲ ಅಂತ ನಿಮಗೂ ಗೊತ್ತಲ್ಲ.” ಅವನಿಗೆ ಇನ್ನೊಂದು ಮದುವೆಯಾಗಬೇಕಿತ್ತು. ಹೆಂಡತಿಗೆ ಹುಚ್ಚೆಂದು ಆಸ್ಪತ್ರೆಯ ಕಾಗದ ತಂದರೆ ಒಪ್ಪುತ್ತೇವೆ ಎಂದು ಕುಲದ ಹಿರಿಯರು ಹೇಳಿದ್ದರು. ಹನ್ನೊಂದು ಜನರ ಮಾತನ್ನೂ ಕಾಗದದ ಮಾತನ್ನೂ ಅವನು ಒಂದೇ ಉಸಿರಿನಲ್ಲಿ ಆಡಿದನೋ, ವಾರದ ಅಂತರದಲ್ಲಿ ಆಡಿದನೋ? ವ್ಯಾಪಾರದಂತೆ ಕಾಣಲೆಂದು ನಾನೇ ಹೊಲಿದಿರಬಹುದು. ವ್ಯಾಪಾರವಾದರೆ ಅದರಲ್ಲಿ ಇಬ್ಬರಿರುತ್ತಾರಲ್ಲ, ತಪ್ಪಿನಲ್ಲಿ ಅರ್ಧ ಅವನಿಗೆ ಹೋಗುತ್ತದೆ. ಹನ್ನೊಂದು ಜನ ಬಂದದ್ದು ನಿಜ. ಚೀಟಿ ಬರೆದದ್ದು ನಿಜ.

ತಲೆ ಕೆಟ್ಟವರ ವಿವರವನ್ನು ಅವರಿಂದ ಕೇಳಬಾರದು, ಕರೆತಂದವರಿಂದ ಕೇಳಬೇಕು ಎಂಬುದು ನಮಗೆ ಕಲಿಸಿದ್ದ ಪದ್ಧತಿ. ‘ಮಾಹಿತಿ ನೀಡಿದವರು’ ಎಂಬಲ್ಲಿ ಗಂಡ ಎಂದು ಬರೆದೆ. ನಿದ್ರೆ ಇಲ್ಲ. ಇಲ್ಲದ ಸದ್ದು ಕೇಳುತ್ತಾಳೆ. ಮಗುವಿನ ವಯಸ್ಸು ಮರೆಯುತ್ತಾಳೆ. ಒಂದೂ ಸುಳ್ಳಲ್ಲ. ಎಲ್ಲವೂ ನೀನೇ ನನ್ನನ್ನು ನಂಬಿ ಹೇಳಿದ್ದು. ಹೊಡೆತ ನಿನ್ನ ತಲೆಯೊಳಗೆ ಏನೇನು ಮಾಡಿತ್ತೋ ಅಷ್ಟನ್ನೂ ಬರೆದು ಹೊಡೆತವನ್ನು ಮಾತ್ರ ಬಿಟ್ಟೆ. ಬಿಟ್ಟ ಜಾಗಕ್ಕೆ ನನ್ನ ಆ ಪದವನ್ನು ತುಂಬಿದೆ. ಚಿಕಿತ್ಸೆಯ ಕ್ಯಾಂಪಿನ ದಿನ ಅಲ್ಲಿನ ಮೇಜಿನ ಮೇಲೆ ಬೇರೆ ಕಾಗದಗಳ ನಡುವೆ ಇಟ್ಟೆ. ಡಾಕ್ಟರು ತಲೆಯೆತ್ತದೆ ಸಹಿ ಮಾಡಿದರು.

ಮಧ್ಯಾಹ್ನ ಜೀಪು ದುರ್ಗದ ಜಿಲ್ಲಾಸ್ಪತ್ರೆಗೆ ಹೊರಟಿತ್ತು. ರಂಗಪ್ಪ ನಿನ್ನನ್ನು ಕರೆತಂದ. ನೀನು ಒಗೆದ ಸೀರೆ ಉಟ್ಟಿದ್ದೆ. ಹತ್ತಲು ಒಪ್ಪದೆ ಜೀಪಿನ ಕಂಬಿ ಹಿಡಿದು ನಿಂತು ನನ್ನನ್ನು ಹುಡುಕಿದೆ.

“ನರ್ಸಮ್ಮ, ಬರ್ದೀರಾ?”

“ಎಲ್ಲಾ ಬರೆದಿದ್ದೀನಿ. ಹತ್ತು.”

ನಿನ್ನ ಮುಖ — ಆ ಮುಖವನ್ನು ಬಣ್ಣಿಸುವುದಿಲ್ಲ. ಕಂಬಿ ಬಿಟ್ಟು ಹತ್ತಿದೆ. ನಿನ್ನನ್ನು ಯಾರೂ ಎಳೆದು ಹತ್ತಿಸಲಿಲ್ಲ, ನನ್ನ ಮಾತು ಹತ್ತಿಸಿತು. “ನಿಮ್ ಲೆಕ್ಕ ಮುಗೀತಲ್ಲ ನರ್ಸಮ್ಮ, ಇನ್ನಾರ ನಗ್ರಿ” ಎಂದ ಪೇದೆ. ನಕ್ಕೆನೇ? ನಕ್ಕಿರಬೇಕು.

ದುರ್ಗದಿಂದ ನಿನ್ನನ್ನು ದೂರದ ಊರಿನ ಹುಚ್ಚಾಸ್ಪತ್ರೆಗೆ ಕಳಿಸಿದರು. ಹೋದಲ್ಲೆಲ್ಲ ಒಂದೊಂದು ಹೊಸ ಕಾಗದ, ಪ್ರತಿಯೊಂದರಲ್ಲೂ ನನ್ನ ಅದೇ ವಾಕ್ಯದ ನಕಲು. ಯಾರೂ ನಿನ್ನ ತೋಳನ್ನು ಎತ್ತಿ ನೋಡಬೇಕಾಗಲೇ ಇಲ್ಲ. ಬೇಸಿಗೆಯ ಹೊತ್ತಿಗೆ ರಂಗಪ್ಪನಿಗೆ ಮದುವೆಯಾಯಿತು. ನನಗೆ ಹೊಸದುರ್ಗಕ್ಕೆ ವರ್ಗವಾಯಿತು.

ಇಲ್ಲಿಯವರೆಗಿನದನ್ನು ನಾನು ಒಬ್ಬಿಬ್ಬರಿಗೆ ಹೇಳಿದ್ದೇನೆ. ಅವರು, ಆಗಿನ ಕಾಲವೇ ಹಾಗಿತ್ತು, ನಿನ್ನ ಕೆಲಸದ ಪ್ರಶ್ನೆ, ಎಂದು ಸಮಾಧಾನ ಮಾಡಿದ್ದಾರೆ. ಅದಕ್ಕೇ ಮುಂದಿನದನ್ನು ಯಾರಿಗೂ ಹೇಳಿಲ್ಲ. ಅದಕ್ಕೆ ಯಾವ ಕಾಲವೂ ಹೊಣೆಯಲ್ಲ.

ಎರಡು ವರ್ಷದ ಮೇಲೆ ದುರ್ಗಕ್ಕೆ ತರಬೇತಿಗೆ ಬಂದಿದ್ದಾಗ, ನಿನ್ನನ್ನು ಬಿಟ್ಟು ಕಳಿಸಿದ್ದಾರೆ, ಮದಕರಿಪುರದಲ್ಲಿ ಅಣ್ಣನ ಮನೆಯಲ್ಲಿದ್ದೀಯ ಎಂದು ತಿಳಿಯಿತು. ಬಂದೆ. ನೀನು ಹೊರಗೆ ಕೂತು ಉಣ್ಣೆ ನೂಲುತ್ತಿದ್ದೆ. ಮಾತ್ರೆಗಳಿಂದ ಕೈ ನಡುಗಿ ಎಳೆ ಮತ್ತೆ ಮತ್ತೆ ಕಡಿಯುತ್ತಿತ್ತು. ಅತ್ತಿಗೆ, “ನಮ್ ಮಾರಿ ನೂತಿದ್ರಾಗೆ ಕಂಬ್ಳಿ ನೇಯ್ದ್ರೆ ಜರಡಿ ಆಗ್ತೈತೆ” ಎಂದು ನಗಿಸಲು ನೋಡಿದಳು. ಅಣ್ಣ ನನ್ನನ್ನು ಜಗಲಿಗೆ ಕರೆದ. “ಕುಂತ್ಕಳ್ರಿ ನರ್ಸಮ್ಮ. ಈಗ ವಾಸಿ ಐತ್ರಿ. ಆ ಮಾತೇ ಎತ್ತಲ್ಲ.”

ನೀನೇ ಎತ್ತಿದೆ. ಬೇರೆ ಯಾರದೋ ಸುದ್ದಿ ಹೇಳುವವಳಂತೆ. “ನಂಗೆ ಹುಚ್ಚಿತ್ತಂತೆ ನರ್ಸಮ್ಮ. ಅವ್ನು ಹೊಡೀತಾನೆ ಅಂತ ನಾನೇ ಅನ್ಕಂತಿದ್ನಂತೆ. ಅಲ್ಲಿ ದಿನಾ ಕೇಳೋರು, ಹೊಡೀತಿದ್ನಾ ಅಂತ. ಹೂಂ ಅಂದ್ರೆ ಇನ್ನೂ ವಾಸಿ ಆಗಿಲ್ಲ ಅನ್ನೋರು. ಒಂದು ದಿನ ಇಲ್ಲ ಅಂದೆ. ಆಮ್ಯಾಲೆ ದಿನಾ ಇಲ್ಲ ಅಂದೆ. ಈಗ ನಂಗೂ ಹಂಗೇ ಅನ್ನಿಸ್ತೈತೆ.” ಕೈಯಲ್ಲಿ ಕದಿರು ನಿಂತಿತ್ತು. “ನೀವು ನೋಡಿದ್ರಲ್ಲ. ನನ್ ಮೈ ಮ್ಯಾಲೆ ಏನಾರ ಇತ್ತಾ?”

ಮಾರಕ್ಕ, ಆ ಪ್ರಶ್ನೆಗೆ ಇಡೀ ಲೋಕದಲ್ಲಿ ಉತ್ತರ ಗೊತ್ತಿದ್ದವರು ಮೂವರು. ಒಬ್ಬ ಹೊಡೆದವನು. ಒಬ್ಬಳಿಂದ ಉತ್ತರವನ್ನು ಕಿತ್ತುಕೊಂಡಾಗಿತ್ತು. ಉಳಿದವಳು ನಾನು. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಹೌದು ಎಂದರೆ ಮುಂದಿನ ಪ್ರಶ್ನೆ ಅವನದೇ ಆಗುತ್ತಿತ್ತು — ಹಾಗಾದರೆ ಆ ಚೀಟಿ ಬರೆದವರು ಯಾರು?

“ನೆನಪಿಲ್ಲ” ಎಂದೆ.

“ಹಂಗಾರೆ ಸರಿ ಬಿಡ್ರಿ” ಎಂದೆ ನೀನು, ಮತ್ತೆ ಕದಿರು ತಿರುಗಿಸಿದೆ. ಅತ್ತಿಗೆ ಮಜ್ಜಿಗೆ ತಂದಳು. ಕುಡಿದೆ. ಇನ್ನೊಂದು ಲೋಟ ಬೇಕೇ ಎಂದರು, ಅದನ್ನೂ ಕುಡಿದೆ.

ಈ ಬರಹದಲ್ಲಿ ನಾನು ಎಲ್ಲವನ್ನೂ ಅನುಮಾನಿಸಿದ್ದೇನೆ: ಕೆಮ್ಮು ಮೊದಲೋ ತಲೆನೋವು ಮೊದಲೋ, ಯಾರು ಯಾವಾಗ ಏನೆಂದರೋ. ಇದೊಂದನ್ನು ಅನುಮಾನಿಸಲಾರೆ. ಎಡ ಮೊಣಕೈಯ ಮೇಲೆ ನಾಲ್ಕು ಬೆರಳ ಗುರುತು, ಹಸಿರಿಗೆ ತಿರುಗಿತ್ತು. ಬೆನ್ನಿನ ಮೇಲೆ ಕುರಿ ಕಟ್ಟುವ ಹಗ್ಗದ ಬಾಸುಂಡೆ, ಅಡ್ಡಕ್ಕೆ ಎರಡು. ಬಲಗಿವಿಯ ಹಿಂದೆ ಒಣಗಿದ ರಕ್ತ. ಹತ್ತಿಯಲ್ಲಿ ಒರೆಸುವಾಗ ನೀನು ಹಾ ಎನ್ನಲಿಲ್ಲ, ಕೈ ತಣ್ಣಗೈತೆ ನರ್ಸಮ್ಮ ಎಂದೆ.

ನಿನಗೆ ಓದಲು ಬಾರದು. ಅದರಿಂದಲೇ ಬರೆಯುವ ಧೈರ್ಯ ಬಂತೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಬಂದಿರಬಹುದು. ನೀನು ಇನ್ನೂ ಮದಕರಿಪುರದಲ್ಲೇ ಇದ್ದೀಯಂತೆ, ಶಾಂತವಾಗಿದ್ದೀಯಂತೆ. ಈಗ ಹೇಳಿದರೆ ಆ ಶಾಂತಿ ಒಡೆಯಬಹುದು. ಹಾಗೆಂದು ಸುಮ್ಮನಿರುವುದಾದರೆ, ನಿನಗೆ ಯಾವುದು ಒಳ್ಳೆಯದೆಂದು ಮತ್ತೊಮ್ಮೆ ನಾನೇ ತೀರ್ಮಾನಿಸಿದಂತೆ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಅಣ್ಣನನ್ನೂ ಕೂರಿಸಿ, ಅವನ ಎದುರಿಗೇ ಹೇಳುತ್ತೇನೆ: ಇತ್ತು. ನಾನು ನೋಡಿದೆ. ನಿನಗೆ ಹುಚ್ಚಿರಲಿಲ್ಲ.

ಆಮೇಲೆ ನೀನು ಏನು ಬೇಕಾದರೂ ಅನ್ನು. ಏನೂ ಅನ್ನದಿದ್ದರೆ, ಅದನ್ನೂ ಕೇಳಿಸಿಕೊಂಡು ಕೂತಿರುತ್ತೇನೆ.