ಚಕ್ಕಡಿಗೆ ಬಿಗಿದ ತಾಡಪತ್ರಿ

"ಸಾಹೇಬ್ರ, ಗೂಟ ನಿಂದ್ರವಲ್ವುರಿ!" ಎಂದು ಗಂಗವ್ವ ಕೂಗಿದಾಗ ಮೂಡಣದ ಆಕಾಶ ಕಪ್ಪಿಟ್ಟಿತ್ತು. ಎಪ್ಪತ್ತರ ದಶಕದ ಒಂದು ಬೇಸಿಗೆ. ಸಿಂದಗಿಯ ಹತ್ತಿ ಗಿರಣಿಯೊಂದರಲ್ಲಿ ನಾನು ಮೇಲ್ವಿಚಾರಕ, ಹತ್ತಿ ಆರಿಸುವ ಹೆಂಗಸರಿಗೆ ಗಂಗವ್ವ ಮುಂದಾಳು. ಬಿರುಗಾಳಿಯ ಲಕ್ಷಣ ಕಂಡ ಕೂಡಲೇ ಎಂಜಿನ್ ನಿಲ್ಲಿಸಿ, ಎಲ್ಲರೂ ತಗಡಿನ ಶೆಡ್ಡು ಬಿಟ್ಟು ಕಲ್ಲಿನ ಗೋದಾಮಿಗೆ ಹೋಗಿರೆಂದು ಹೇಳಿದ್ದೆ. ಅಂಗಳದ ಹತ್ತಿ ರಾಶಿ ಬಿಟ್ಟು ಹೋಗಲು ಹೆಂಗಸರು ಒಲ್ಲೆಂದರು. ಅದು ತೊಯ್ದರೆ ಅವರ ಕೆಲಸವೂ ಅಲ್ಲಿಗೆ ಮುಗಿದಂತೆ. ತಾಡಪತ್ರಿಯೇನೋ ಹೊದಿಸಿದ್ದರು. ಆದರೆ ಬಿಸಿಲಿಗೆ ಬಿರಿದ ಎರೆನೆಲದಲ್ಲಿ ಬಡಿದ ಗೂಟಗಳು ಗಾಳಿ ಎಳೆದಂತೆಲ್ಲ ಕಿತ್ತು ಬರುತ್ತಿದ್ದವು.

ಹತ್ತಿ ಇಳಿಸಿ ಊರಿಗೆ ಹೊರಟಿದ್ದ ಕನ್ನೊಳ್ಳಿಯ ರೈತರು ಗೇಟಿನಲ್ಲೇ ಚಕ್ಕಡಿ ತಿರುಗಿಸಿದರು. ಎತ್ತುಗಳನ್ನು ಬಿಚ್ಚಿ ಗೋದಾಮಿನಲ್ಲಿ ಕಟ್ಟಿದರು. ಚಕ್ಕಡಿಗಳನ್ನು ರಾಶಿಯ ಸುತ್ತ ನಿಲ್ಲಿಸಿ, ತಾಡಪತ್ರಿಯ ಹಗ್ಗಗಳನ್ನು ಗಾಲಿಗಳಿಗೆ ಬಿಗಿದರು. ಹೆಂಗಸರು ಸೆರಗು ಸಿಕ್ಕಿಸಿ, ಕಲ್ಲು ಹೊತ್ತು ತಂದು ಚಕ್ಕಡಿಗೆ ಹೇರಿದರು.

"ತೂಕ ಆಗೇತಿ, ಹತ್ತಿ ಈಗ ನಮ್ಮದು. ನೀವ್ಯಾಕ ನಿಂತ್ರಿ?" ಎಂದೆ.

ಹಿರಿಯ ರೈತನೊಬ್ಬ ಗಂಟು ಬಿಗಿಯುತ್ತಲೇ ಹೇಳಿದ: "ಮಗಳು ಗಂಡನ ಮನಿಗೆ ಹೋದ್ಲಂತ ಮಳ್ಯಾಗ ಬಿಡಾಕ ಬರ್ತೈತೇನ್ರಿ?"

ಗಾಳಿ ಶೆಡ್ಡಿನ ತಗಡುಗಳನ್ನು ಹಾರಿಸಿಕೊಂಡು ಹೋಯಿತು. ಚಕ್ಕಡಿಗಳು ಕದಲಲಿಲ್ಲ. ಮಳೆ ನಿಂತ ಮೇಲೆ ಗಂಗವ್ವ ತಾಡಪತ್ರಿಯ ಅಂಚೆತ್ತಿ, ಒಂದು ಹಿಡಿ ಒಣ ಹತ್ತಿ ತೆಗೆದು ಎಲ್ಲರಿಗೂ ತೋರಿಸಿದಳು.

ಗಿರಣಿಯಲ್ಲಿ ನಿಮ್ಮ ಮಂದಿ ಎಷ್ಟಿದ್ದರು ಎಂದು ಯಾರಾದರೂ ಕೇಳಿದರೆ, ಕನ್ನೊಳ್ಳಿಯ ಆ ಚಕ್ಕಡಿಯವರನ್ನೂ ಸೇರಿಸಿಯೇ ನಾನು ಇಂದಿಗೂ ಲೆಕ್ಕ ಹೇಳುತ್ತೇನೆ.