ಹೊಟ್ಟೆಗೆ ಮೂರು ತೂತು

ಬೆಳಿಗ್ಗೆ ದೋಸೆ ಬೇಡ ಅಂದಾಗಲೇ ನಾನು ಹಣೆ ಮುಟ್ಟಿ ನೋಡಿದ್ದೆ. ಏಳು ವರ್ಷದ ನನ್ನ ಮಗಳು ಪಲ್ಲವಿ ದೋಸೆ ಬೇಡ ಅನ್ನುವ ಜೀವವೇ ಅಲ್ಲ. ಹೊಕ್ಕುಳ ಸುತ್ತ ನೋವು ಅಂದಳು. ಅತ್ತೆ ಇಂಗು ಅರೆದು ಹಚ್ಚಿದರು. ಮಧ್ಯಾಹ್ನ ನೋವು ಬಲಕ್ಕೆ ಇಳಿಯಿತು. ವಾಂತಿ. ಜ್ವರ.

ಕೂಕಟ್‌ಪಲ್ಲಿಯ ರಸ್ತೆ ತುಂಬ ಸಾಫ್ಟ್‌ವೇರ್ ಕಂಪನಿಗಳ ಕ್ಯಾಬುಗಳು. ಆಸ್ಪತ್ರೆಗೆ ಹೊರಟ ನಮ್ಮ ಆಟೋ ಕದಲಲೊಲ್ಲದು. ಕದಲಿದರೆ ಪ್ರತಿ ಗುಂಡಿಗೂ ಅವಳು ಮುದುಡಿಕೊಂಡು ಚೀರುತ್ತಿದ್ದಳು.

ಸ್ಕ್ಯಾನ್ ನೋಡಿದ ಡಾಕ್ಟರ್, "ಅಪೆಂಡಿಕ್ಸ್ ಹೈ. ಆಜ್ ಹೀ ನಿಕಾಲ್ನಾ ಪಡೇಗಾ" ಅಂದರು. ಇವತ್ತೇ ತೆಗೆಯಬೇಕು. ಲ್ಯಾಪರೊಸ್ಕೋಪಿ, ಮೂರೇ ಸಣ್ಣ ತೂತು. ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸಿ ಕ್ಯಾಮೆರಾ ಬಿಡುತ್ತಾರಂತೆ. ಸೈಕಲ್ ಟ್ಯೂಬಿನ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದರು. ಕೀವು ಹರಡಿದ್ದರೆ ಮಾತ್ರ ಓಪನ್ ಮಾಡಬೇಕಾದೀತು.

ಸಹಿ ಹಾಕುವಾಗ ನನ್ನ ಹೆಸರೇ ಮರೆತುಹೋಯಿತು.

ಜೀಡಿಮೆಟ್ಲಾದ ಔಷಧಿ ಫ್ಯಾಕ್ಟರಿಯಿಂದ ನನ್ನ ಗಂಡ ಓಡಿ ಬಂದರು. "ಸಣ್ಣ ತೂತಂತ. ಹೆದರಬ್ಯಾಡ" ಅಂದರು. ಸಣ್ಣದು ಅಂದರೆ ಯಾರ ಲೆಕ್ಕದಲ್ಲಿ ಸಣ್ಣದು? ಅವಳ ಹೊಟ್ಟೆ ಇರುವುದೇ ನನ್ನ ಅಂಗೈಯಗಲ. ಆಪರೇಷನ್ ಥಿಯೇಟರಿನ ಬಾಗಿಲನ್ನೇ ನೋಡುತ್ತ ಮೂವರೂ ಕೂತೆವು.

ಬಾಗಿಲು ತೆರೆಯಿತು. ನರ್ಸ್ ಇಣುಕಿ, "ಪಾಪದಿ ಅಯಿಪೋಯಿಂದಿ" ಅಂದು ಒಳಗೆ ಹೋದಳು.

ಅತ್ತೆ ಗುಲಬರ್ಗಾದಿಂದ ಈ ತೆಲುಗು ಊರಿಗೆ ಬಂದು ವಾರವಾಗಿತ್ತಷ್ಟೇ. ಅವರಿಗೆ 'ಪಾಪ' ಕೇಳಿಸಿತು, 'ಪೋಯಿಂದಿ' ಕೇಳಿಸಿತು. "ಹೋತೇನೋ ಯಪ್ಪಾ ನನ್ನ ಕೂಸು!" ಎಂದು ಕುಸಿದರು. ತೆಲುಗಿನಲ್ಲಿ ಪಾಪ ಅಂದರೆ ಹೆಣ್ಣುಮಗು, ಅಯಿಪೋಯಿಂದಿ ಅಂದರೆ ಮುಗಿಯಿತು, ಆಪರೇಷನ್ ಮುಗಿಯಿತು ಅಂತ. ಅದು ನನಗೆ ಗೊತ್ತು. ತರಕಾರಿಯವನ ಜೊತೆ ದಿನಾ ತೆಲುಗಿನಲ್ಲೇ ಜಗಳವಾಡುವವಳು ನಾನು. ಆದರೆ ಆ ಗಳಿಗೆಯಲ್ಲಿ ನನ್ನ ತೆಲುಗೆಲ್ಲ ಎಲ್ಲಿ ಹೋಯಿತೋ.

ನಾನೂ ಕನ್ನಡದಲ್ಲೇ ಕೇಳಿಸಿಕೊಂಡೆ.

ಗಂಡ ಬಾಗಿಲು ಬಡಿದರು. ನರ್ಸ್ ಗಾಬರಿಯಾಗಿ ಹೊರಬಂದಳು. "ಪಾಪ ಬಾಗುಂದಮ್ಮಾ!" ಅಂದಳು. ಮಗು ಚೆನ್ನಾಗಿದೆ. ಅದನ್ನು ಅವಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದೆ.

ವಾರ್ಡಿಗೆ ತಂದ ಮೇಲೆ ಪಲ್ಲವಿ ಕಣ್ಣುಬಿಟ್ಟು, "ಅವ್ವಾ, ಭುಜ ನೋಯಾಕತ್ತೈತಿ" ಎಂದು ರಾಗ ತೆಗೆದಳು. ಹೊಟ್ಟೆಗೆ ತೂತು ಹಾಕಿದರೆ ಭುಜ ಯಾಕೆ ನೋಯಬೇಕು? ಡಾಕ್ಟರನ್ನು ಹುಡುಕಿಕೊಂಡು ಓಡಿದೆ. ಒಳಗುಳಿದ ಗ್ಯಾಸಿನಿಂದ ಹಾಗಾಗುತ್ತದೆ, ತಾನೇ ಇಳಿಯುತ್ತದೆ ಅಂದರು ಡಾಕ್ಟರ್. ಅವರಿಗೆ ಕೈಮುಗಿದೆ. ಆದರೂ ಗಾಯ ಪೂರ್ತಿ ಮಾಯುವವರೆಗೆ ನನಗೆ ಧೈರ್ಯ ಬರುವುದಿಲ್ಲ.

ಅವಳ ಅಳು ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು. ಅತ್ತೆ ಸಂಕೋಚದಿಂದ ಅವಳ ಬಾಯಿ ಮುಚ್ಚಿಸಲು ಹೋದರು.

"ಅಳಲಿ ಬಿಡ್ರಿ ಅತ್ತಿ," ಅಂದೆ. "ನಾ ಕೇಳಬೇಕು."